ಮೂರು ಸೇರು ಅವರೆಕಾಳಿನ ನಕ್ಷೆ

ಬೆಳಗಿನ ಐದೂ ಮುಕ್ಕಾಲು. ಆಲೂರಿನ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಹಾಲಿನ ವ್ಯಾನಿನ ಸದ್ದು ಬಿಟ್ಟರೆ ಬೇರೇನೂ ಕೇಳುವುದಿಲ್ಲ. ಗಂಗಾಮಣಿ ತಾವು ಕೆಲಸ ಮಾಡುವ ಸ್ಟಿಕರ್ ಅಂಗಡಿಯ ಷಟರನ್ನು ಅರ್ಧದಷ್ಟು ಮಾತ್ರ ಎತ್ತಿ, ಬಗ್ಗಿ ಒಳಗೆ ಹೋಗುತ್ತಾರೆ. ಪೂರ್ತಿ ಎತ್ತಿದರೆ ಅಂಗಡಿ ತೆರೆದಿದೆ ಎಂದುಕೊಂಡು ಯಾರಾದರೂ ಬಂದು ನಿಲ್ಲುತ್ತಾರೆ. ಕಂಪ್ಯೂಟರಿನ ಗುಂಡಿ ಒತ್ತಿ, ಅದು ಎಚ್ಚರವಾಗುವುದರೊಳಗೆ ನೆಲ ಗುಡಿಸಿ, ಗೋಡೆಯ ಲಕ್ಷ್ಮಿಯ ಪಟಕ್ಕೆ ಒಂದು ಹೂವು ಸಿಕ್ಕಿಸುತ್ತಾರೆ. ಅದೇ ಗೋಡೆಯಲ್ಲಿ ಮಾಲೀಕರಾದ ಮಹಮ್ಮದ್ ಇಸ್ಮಾಯಿಲ್ ಅವರು ತೂಗುಹಾಕಿರುವ ಮೆಕ್ಕಾದ ಚಿತ್ರವೂ ಇದೆ. ಅದರ ಗಾಜನ್ನೂ ಸೆರಗಿನಿಂದ ಒರೆಸುತ್ತಾರೆ. ಆಮೇಲೆ ಕುರ್ಚಿಯ ಬಲಗಡೆ ಮೌಸು, ಎಡಗಡೆ ಸ್ಟೂಲಿನ ಮೇಲೆ ರಾತ್ರಿಯೆಲ್ಲ ನೀರಿನಲ್ಲಿ ನೆನೆದ ಅವರೆಕಾಳಿನ ಪಾತ್ರೆ. ಅವರ ಕೆಲಸಕ್ಕೆ ಎರಡೂ ಬೇಕು.

ತೆರೆಯ ಮೇಲೆ ಒಂದು ನವಿಲು ನಿಧಾನವಾಗಿ ಮೂಡುತ್ತಿದೆ. ಮೊದಲು ಕೊಕ್ಕು, ಸ್ವಲ್ಪ ಹೊತ್ತಿನ ಮೇಲೆ ಕತ್ತು. ಹತ್ತಿರದ ಮಗ್ಗೆ ಊರಿನ ಮದುವೆ ಮನೆಯವರೊಬ್ಬರು ಇಂಟರ್ನೆಟ್ಟಿನಲ್ಲಿ ಎಲ್ಲಿಂದಲೋ ಇಳಿಸಿಕೊಂಡು ತಂದ ಚಿತ್ರ ಅದು. ಆಮಂತ್ರಣ ಪತ್ರಿಕೆಯ ಮೂಲೆಯಲ್ಲಿ ಕೂರಬೇಕು. ಗಂಗಾಮಣಿ ಮೌಸನ್ನು ಬಿಟ್ಟು ಪಾತ್ರೆಗೆ ಕೈ ಹಾಕಿ ಒಂದು ಕಾಳು ತೆಗೆದು, ಎರಡು ಬೆರಳ ನಡುವೆ ಹಿತುಕುತ್ತಾರೆ. ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಪುಟ್ಟನೆ ತಟ್ಟೆಗೆ ಹಾರುತ್ತದೆ. ಕಣ್ಣು ಮಾತ್ರ ತೆರೆಯ ಮೇಲೆಯೇ.

"ಗರಿ ಮೂಡೋ ಹೊತ್ಗೆ ಒಂದ್ ಪಾವ್ ಆಯ್ತದೆ ನೋಡಿ" ಎನ್ನುತ್ತಾರೆ.

ಇದು ಅವರ ಅಳತೆ. ಬೇರೆಯವರು ಫೈಲನ್ನು ಎಂಬಿ, ಜಿಬಿ ಎಂದು ಅಳೆದರೆ ಗಂಗಾಮಣಿ ಪಾವು, ಅಚ್ಚೇರು, ಸೇರು ಎಂದು ಅಳೆಯುತ್ತಾರೆ. ತೆರೆಯಲು, ತಿದ್ದಲು, ಉಳಿಸಲು ಕಂಪ್ಯೂಟರು ತೆಗೆದುಕೊಳ್ಳುವ ಹೊತ್ತಿನಲ್ಲಿ ಎಷ್ಟು ಕಾಳು ಹಿತುಕಬಹುದೋ ಅದೇ ಆ ಫೈಲಿನ ತೂಕ. ಅಂಗಡಿಯ ಬೋರ್ಡು ಬರೆಯುವುದು ಒಂದು ಹಿಡಿ. ಜೀಪಿನ ಗಾಜಿಗೆ ಅಂಟಿಸುವ ಆಂಜನೇಯ ಒಂದು ಪಾವು. ದೇವಸ್ಥಾನದ ಬಾಗಿಲಿಗೆ ಕೊರೆಯಲು ಬಂದ ಬಳ್ಳಿಯ ವಿನ್ಯಾಸ ಅಚ್ಚೇರು. ಅವರೆಯ ಕಾಲ ಮುಗಿದರೆ ಬೆಳ್ಳುಳ್ಳಿ ಸುಲಿಯುತ್ತಾರೆ, ಅಕ್ಕಿ ಆರಿಸುತ್ತಾರೆ. ಆದರೆ ಲೆಕ್ಕ ಮಾತ್ರ ವರ್ಷವಿಡೀ ಅವರೆಕಾಳಿನದೇ.

ಹಿತುಕಿದ ಬೇಳೆಯಲ್ಲಿ ಅರ್ಧ ಇಸ್ಮಾಯಿಲ್ ಸಾಹೇಬರ ಮನೆಗೆ ಹೋಗುತ್ತದೆ. ಅಂಗಡಿಯ ಹಿಂದೆಯೇ ಅವರ ಮನೆ. ಹೊಸ ಕಂಪ್ಯೂಟರು ತರುವ ಮಾತು ಬಂದಾಗಲೆಲ್ಲ ಅವರ ಪತ್ನಿ ಬೀಬಿಜಾನ್ ಒಳಗಿನಿಂದಲೇ ತಡೆಯೊಡ್ಡುತ್ತಾರಂತೆ. "ಅದು ಸ್ಪೀಡಾಗ್ಬುಟ್ರೆ ನಮ್ಮನೆ ಸಾರಿನ ಗತಿ ಏನು" ಎಂಬುದು ಅವರ ವಾದ.

ನಾನು ಗಂಗಾಮಣಿಯವರನ್ನು ಮೊದಲು ನೋಡಿದ್ದು ಹೋದ ತಿಂಗಳು. ನನ್ನ ಮನೆಯಾಕೆಯ ವರ್ಷಾಂತಿಕಕ್ಕೆ ಕಾರ್ಡು ಮಾಡಿಸಬೇಕಿತ್ತು. ಹೆಸರಿನ ಸುತ್ತ ಮಲ್ಲಿಗೆಯ ಬಳ್ಳಿ ಇರಲಿ ಎಂದು ಮೊಮ್ಮಗಳು ಒಂದು ಚಿತ್ರ ಹುಡುಕಿ ಕೊಟ್ಟಿದ್ದಳು. ಆ ಬಳ್ಳಿಯನ್ನು ತೆರೆದದ್ದೇ ತಡ, ಕಂಪ್ಯೂಟರು ಕಲ್ಲಾಗಿ ಕೂತಿತು. ಈಕೆ ಏನೂ ಆಗದವರಂತೆ ಕಾಳು ಹಿತುಕತೊಡಗಿದರು. ಆ ಪುಟ್ಟ ಸದ್ದು ಕೇಳಿ ನಾನು ಬಾಗಿಲಿನಲ್ಲಿ ನಿಂತೇ ಬಿಟ್ಟೆ. ನಮ್ಮ ಅಡುಗೆಮನೆಯಲ್ಲಿ ಪ್ರತಿ ಮಾರ್ಗಶಿರದಲ್ಲಿ ಇದೇ ಸದ್ದು ಇರುತ್ತಿತ್ತು. ಈ ವರ್ಷ ಇರಲಿಲ್ಲ. ಭಗವಂತ ಅದನ್ನು ಒಂದು ಸ್ಟಿಕರ್ ಅಂಗಡಿಯಲ್ಲಿ ಇಟ್ಟಿದ್ದ. ಕಾರ್ಡು ಆದ ಮೇಲೂ ನಾನು ಆರೇಳು ಬೆಳಗು ಅಲ್ಲಿಗೆ ಹೋಗಿ ಕೂತದ್ದಕ್ಕೆ ಅದೇ ಕಾರಣ. ಕೂತ ಮೇಲೆ ತಿಳಿದದ್ದು, ಈ ಹೆಂಗಸು ಮಾಡುವ ಕೆಲಸ ಸಾಮಾನ್ಯದ್ದಲ್ಲ ಎಂದು.

ಫೋಟೋ ಬೇರೆ, ಗೆರೆಯ ಚಿತ್ರ ಬೇರೆ ಎಂದು ಗಂಗಾಮಣಿ ನನಗೆ ವಿವರಿಸಿದರು. ಸ್ಟಿಕರ್ ಕತ್ತರಿಸುವ ಯಂತ್ರಕ್ಕೆ, ಬೋರ್ಡಿಗೆ, ಕಲ್ಲಿನಲ್ಲಿ ಅಕ್ಷರ ಕೊರೆಯುವವರಿಗೆ ಬೇಕಾಗುವುದು ಗೆರೆಯ ಚಿತ್ರ. ಪ್ರತಿ ಗೆರೆಯೂ ಬಿಂದುವಿನಿಂದ ಬಿಂದುವಿಗೆ ಎಳೆದದ್ದು. ಆ ಬಿಂದುವಿಗೆ ಅವರು ಇಟ್ಟ ಹೆಸರು ಗಂಟು. ಒಂದು ಗೆರೆಯನ್ನು ಅತ್ತಿತ್ತ ಸರಿಸಿದರೆ ಕಂಪ್ಯೂಟರು ಎಲ್ಲ ಗಂಟುಗಳನ್ನೂ ಮತ್ತೆ ಎಣಿಸಿ ಇಡೀ ಚಿತ್ರವನ್ನು ಹೊಸದಾಗಿ ಬರೆಯಬೇಕು. ನಾವೇ ಬರೆದ ಚಿತ್ರದಲ್ಲಿ ಬೇಕಾದಷ್ಟೇ ಗಂಟು ಇರುತ್ತವೆ. ಬೇರೆ ಸಾಫ್ಟ್‌ವೇರಿನಿಂದ ಬಂದ ಚಿತ್ರದಲ್ಲಿ ಹಾಗಲ್ಲ. ಬಳ್ಳಿಯ ಒಂದು ಬಾಗು ನೂರು ತುಂಡಾಗಿ ಬಂದಿರುತ್ತದೆ. ಗೆರೆಯ ಮೇಲೆ ಅದೇ ಗೆರೆ ಎರಡು ಸಲ, ಮೂರು ಸಲ ಕೂತಿರುತ್ತದೆ. ಕಣ್ಣಿಗೆ ಕಾಣುವುದು ಒಂದೇ. ಕಂಪ್ಯೂಟರಿಗೆ ಮಾತ್ರ ಅಷ್ಟೂ ಹೊರೆ.

"ಹೊರೋಕಾಗ್ದೆ ಕೂತ್ಕೊಂಬುಡ್ತದೆ. ಬೈದ್ರೆ ಏನ್ ಬಂತು? ಗಂಟು ಬಿಚ್ಚಿ ಹೊರೆ ಇಳಿಸ್ಬೇಕು" ಎನ್ನುತ್ತಾರೆ.

ಈ ಮಾತು ಅವರ ಹಳೆಯ ಕಸುಬಿನಿಂದ ಬಂದದ್ದು. ಮಗ್ಗೆಯಲ್ಲಿ ಹುಟ್ಟಿದ ಗಂಗಾಮಣಿ ಎಸ್ಸೆಸ್ಸೆಲ್ಸಿ ಮುಗಿಸಿ ಹದಿನೆಂಟು ವರ್ಷ ಹೊಲಿಗೆ ಮಾಡಿದವರು. ಸೊಂಟ ನೋವು ಜಾಸ್ತಿಯಾಗಿ ಕಾಲಿನಲ್ಲಿ ಯಂತ್ರ ತುಳಿಯಬಾರದು ಎಂದು ವೈದ್ಯರು ಹೇಳಿದಾಗ ಅವರಿಗೆ ಮೂವತ್ತೈದು. ಇಸ್ಮಾಯಿಲ್ ಸಾಹೇಬರು ಆಗ ತಾನೇ ಕೈಬರಹದ ಬೋರ್ಡು ಬಿಟ್ಟು ಕಂಪ್ಯೂಟರು ತಂದಿದ್ದರು. ಅದನ್ನು ನಡೆಸುತ್ತಿದ್ದವನು ಹಾಸನದಲ್ಲಿ ಬೇರೆ ಕೆಲಸ ಸಿಕ್ಕಿತೆಂದು ಹೋಗಿಬಿಟ್ಟಿದ್ದ. ಸಾಹೇಬರಿಗೆ ಅದನ್ನು ಹಚ್ಚುವುದು, ಆರಿಸುವುದು ಎರಡೇ ಗೊತ್ತಿದ್ದದ್ದು. ಗಂಗಾಮಣಿಗೆ ಅವೆರಡನ್ನೂ ಕಲಿಸಿ, ಮಿಕ್ಕದ್ದನ್ನು ಅಲ್ಲಾಹನಿಗೆ ಬಿಟ್ಟೆ ಎಂದು ಅವರೇ ನಗುತ್ತಾ ಹೇಳುತ್ತಾರೆ.

ಮೊದಲ ವರ್ಷ ಕಷ್ಟದ್ದು. ಬಂದ ಗಿರಾಕಿಗಳು ಇವರ ತಲೆಯ ಮೇಲಿಂದ ಒಳಗೆ ಇಣುಕಿ, ಡಿಸೈನ್ ಮಾಡುವವರು ಯಾರೂ ಇಲ್ಲವೇ ಎಂದು ಕೇಳುತ್ತಿದ್ದರಂತೆ. ಇದ್ದಾರೆ, ಕೂತುಕೊಳ್ಳಿ ಎಂದು ಹೇಳಿ ಇವರೇ ಕೆಲಸ ಮಾಡಿ ಕೊಡುತ್ತಿದ್ದರು. ಕೆಲವರು ಕಾರ್ಡು ಕೈಗೆ ಬಂದ ಮೇಲೂ ಡಿಸೈನರಿಗಾಗಿ ಕಾದು ಕೂತದ್ದುಂಟು. ಹೊಲಿಗೆ ಗೊತ್ತಿದ್ದದ್ದು ಕೈ ಹಿಡಿಯಿತು. ರವಿಕೆ ಹೊಲಿಯುವಾಗ ಮೊದಲು ಕಚ್ಚಾ ಹೊಲಿಗೆ ಹಾಕುತ್ತಾರೆ, ಪಕ್ಕಾ ಹೊಲಿಗೆ ಬಿದ್ದ ಮೇಲೆ ಅದನ್ನು ಬಿಚ್ಚಿ ತೆಗೆಯುತ್ತಾರೆ. ಹೊರಗಿನಿಂದ ಬಂದ ಚಿತ್ರಗಳಲ್ಲಿ ಆ ಕಚ್ಚಾ ಹೊಲಿಗೆಯನ್ನು ಯಾರೂ ಬಿಚ್ಚಿರುವುದೇ ಇಲ್ಲ ಎಂದು ಒಂದು ದಿನ ಅವರಿಗೆ ಹೊಳೆಯಿತು. ಅಂದಿನಿಂದ ದಾರಿ ಸಿಕ್ಕಿತು.

ಈಗ ಅವರಿಗೆ ನಲವತ್ತಾರು. ದಿನಕ್ಕೆ ಹತ್ತು ಹನ್ನೆರಡು ಫೈಲು ಕೈ ದಾಟುತ್ತವೆ. ಸಕಲೇಶಪುರ, ಕೆ. ಹೊಸಕೋಟೆ, ಅರಕಲಗೂಡಿನ ಕಡೆಯ ಅಂಗಡಿಯವರು ಸಹ ತಮ್ಮಲ್ಲಿ ತೆರೆಯದ ಚಿತ್ರಗಳನ್ನು ಇಲ್ಲಿಗೆ ಕಳಿಸುತ್ತಾರೆ. ಕಂಪ್ಯೂಟರಿಗೆ ಹನ್ನೊಂದು ವರ್ಷ ವಯಸ್ಸು. ಕಷ್ಟದ ಚಿತ್ರಗಳನ್ನೆಲ್ಲ ಬೆಳಗಿನ ಎಂಟೂವರೆಯೊಳಗೆ ಮುಗಿಸಬೇಕು. ಆಮೇಲೆ ಪಕ್ಕದ ವೆಲ್ಡಿಂಗ್ ಅಂಗಡಿ ಶುರುವಾಗುತ್ತದೆ, ದೀಪ ಮಿಣುಕುತ್ತದೆ, ಕಂಪ್ಯೂಟರು ಅರ್ಧ ಕೆಲಸದಲ್ಲಿ ಆರಿ ಹೋಗುವುದೂ ಉಂಟು. ಬ್ರಾಹ್ಮೀ ಮುಹೂರ್ತದಲ್ಲಿ ಏಳುವುದನ್ನು ನಮಗೆ ಹಿರಿಯರು ಕಲಿಸಿದರು, ಗಂಗಾಮಣಿಗೆ ವೆಲ್ಡಿಂಗ್ ಅಂಗಡಿ ಕಲಿಸಿತು.

ನಾನು ಕೂತಿದ್ದಾಗಲೇ ಆ ನವಿಲಿನ ಕೆಲಸ ಮುಗಿಯಿತು. ಅದರಲ್ಲಿ ಎಂಬತ್ತು ಸಾವಿರ ಗಂಟು ಇದ್ದವು. ಕಾರ್ಡಿನಲ್ಲಿ ಅದು ಹುಣಸೆಬೀಜದಷ್ಟು ದೊಡ್ಡದಾಗಿ ಬರಬೇಕಾದದ್ದು. ಗಂಗಾಮಣಿ ಅದನ್ನು ಆರುನೂರಕ್ಕೆ ಇಳಿಸಿದರು. ನೋಡಿದರೆ ಅದೇ ನವಿಲು. ಮದುವೆಯ ಗಂಡು ಬಂದು ನೋಡಿ, ಮೊದಲಿಗಿಂತ ಚೆನ್ನಾಗಿದೆ, ಏನು ಸೇರಿಸಿದಿರಿ ಎಂದು ಕೇಳಿದ. ಏನೂ ಸೇರಿಸಲಿಲ್ಲ ಎಂದರೆ ಅವನು ನಂಬಲಿಲ್ಲ.

ಹೀಗೆ ತೆಗೆಯುವುದರಲ್ಲಿ ಪಳಗಿದ ಗಂಗಾಮಣಿ ಈ ಡಿಸೆಂಬರಿನಲ್ಲಿ ತೆಗೆಯಬಾರದ್ದನ್ನು ತೆಗೆದರು. ಅವರನ್ನು ಕುರಿತು ಬರೆಯಬೇಕೆಂದು ನನಗೆ ಅನಿಸಿದ್ದು ಆ ತಪ್ಪಿನ ದೆಸೆಯಿಂದಲೇ.

ಬಿಸಿಲೆಯ ಕಡೆ, ಕಾಡಿನ ಅಂಚಿನಲ್ಲಿ ಹುಲಿಹಳ್ಳ ಎಂಬ ಎಸ್ಟೇಟ್ ಇದೆ. ಇನ್ನೂರ ಎಪ್ಪತ್ತು ಎಕರೆ, ಹದಿನಾಲ್ಕು ಬ್ಲಾಕು. ಅಲ್ಲಿ ಲೆಕ್ಕಪತ್ರ, ಆಳುಗಳ ಉಸ್ತುವಾರಿ ನೋಡಿಕೊಳ್ಳುವ ರೈಟರ್ ಯೋಗಾನಂದ ಒಂದು ಮಂಗಳವಾರ ಪೆನ್‌ಡ್ರೈವ್ ಹಿಡಿದು ಬಂದರು. ಮುಂದಿನ ಸೋಮವಾರ ಕಾಫಿ ಕೊಯ್ಲು ಶುರು. ಅಷ್ಟರಲ್ಲಿ ತೋಟದ ನಕ್ಷೆಯ ದೊಡ್ಡ ಬೋರ್ಡು ಆಗಬೇಕು, ಬೆಳಿಗ್ಗೆ ಹಾಜರಿ ಕರೆಯುವ ಜಾಗದಲ್ಲಿ ನೆಡಬೇಕು ಎಂದರು. ಅವಸರಕ್ಕೆ ಕಾರಣವಿತ್ತು. ಕೊಯ್ಲಿಗೆ ಈಗ ದೂರದ ರಾಜ್ಯಗಳಿಂದ ಆಳುಗಳು ಬರುತ್ತಾರೆ. ಅವರಿಗೆ ಕನ್ನಡ ಬಾರದು, ತೋಟ ಹೊಸದು. ಹೋದ ವರ್ಷ ಎರಡನೆಯ ದಿನವೇ ಏಳನೇ ಬ್ಲಾಕಿನಲ್ಲಿ ಆನೆ ಇದೆ ಎಂಬ ಸುದ್ದಿ ಫೋನಿಗೆ ಬಂತು. ಯೋಗಾನಂದ ಕೂಗಿದರು. ಏಳನೇ ಬ್ಲಾಕು ಎಂದರೆ ಎಲ್ಲಿ ಎಂದು ತಿಳಿಯದ ಹೆಂಗಸರು, ಅಲ್ಲಿಗೇ ಹೋಗಿ ಎನ್ನುತ್ತಿದ್ದಾರೆಂದು ತಿಳಿದು ಆನೆಯ ಎದುರಿಗೇ ನಡೆದರು. ಓಡುವಾಗ ಒಬ್ಬಾಕೆ ಕಂದಕಕ್ಕೆ ಬಿದ್ದು ಕಾಲು ಮುರಿದುಕೊಂಡಳು. ಜೀವ ಉಳಿದದ್ದು ದೇವರ ದಯೆ. ಈ ವರ್ಷ ಮತ್ತೆ ಮೂವತ್ತು ಮಂದಿ ಬರುತ್ತಿದ್ದರು, ಎಲ್ಲರೂ ಹೊಸಬರೇ.

"ಕೂಗಿ ಹೇಳಿದ್ರೆ ಆಗಲ್ಲ ಮೇಡಂ, ತೋರಿಸ್ಬೇಕು. ಭಾನುವಾರದೊಳಗೆ ಬೋರ್ಡ್ ಆಗ್ಲಿಲ್ಲ ಅಂದ್ರೆ ಸೋಮವಾರ ನಾನ್ ಅವ್ರನ್ನ ಯಾವ ಧೈರ್ಯದ ಮೇಲೆ ಒಳಕ್ಕೆ ಕಳಿಸ್ಲಿ" ಎಂದರಂತೆ ಯೋಗಾನಂದ.

ನಕ್ಷೆಯನ್ನು ಡ್ರೋನ್ ಹಾರಿಸಿ ಮಾಡಿದ್ದರು. ಗಂಗಾಮಣಿ ಬುಧವಾರ ಬೆಳಿಗ್ಗೆ ತೆರೆದರು. ಒಂದು ಪಾವು ಮುಗಿದರೂ ತೆರೆ ಬಿಳಿಯಾಗಿಯೇ ಇತ್ತು. ಒಂದೂವರೆ ಪಾವಿಗೆ ಮೊದಲ ಗೆರೆ ಕಾಣಿಸಿತು. ಕೆಳಗೆ ಗಂಟುಗಳ ಲೆಕ್ಕ ನೋಡಿದರೆ ಇಪ್ಪತ್ತಾರು ಲಕ್ಷಕ್ಕೂ ಮೇಲೆ. ತೋಟದ ನಲವತ್ತೊಂದು ಸಾವಿರ ನೆರಳಿನ ಮರಗಳನ್ನೂ ಅಳತೆಯವರು ಬಿಡದೆ ಗುರುತು ಮಾಡಿದ್ದರು. ಒಂದೊಂದು ಮರಕ್ಕೂ ಒಂದೊಂದು ಹೂವಿನ ಆಕಾರ, ಒಂದೊಂದು ಹೂವಿಗೆ ಅರವತ್ತನಾಲ್ಕು ಗಂಟು. ಮೌಸನ್ನು ಒಂದು ಅಂಗುಲ ಸರಿಸಿದರೆ ತೆರೆಯ ಮೇಲೆ ಕದಲುವುದು ಹತ್ತು ಕಾಳು ಆದ ಮೇಲೆ.

ಅವತ್ತು ಅವರು ಮಾಡಿದ ಮೊದಲ ಕೆಲಸ ಫೈಲಿನ ಒಂದು ಪ್ರತಿಯನ್ನು ಬೇರೆ ಇಟ್ಟದ್ದು. ಮೂಲವನ್ನು ಮುಟ್ಟಬಾರದು ಎಂಬುದು ಅವರ ವ್ರತ. ಹೊಲಿಗೆಯಲ್ಲಿ ಬಟ್ಟೆ ಕತ್ತರಿಸಿದ ಮೇಲೆ ಮತ್ತೆ ಕೂಡಿಸಲಾಗದು, ಇಲ್ಲಿ ಆ ಒಂದು ಅನುಕೂಲವಿದೆ ಎನ್ನುತ್ತಾರೆ. ಆಮೇಲೆ ಬಣ್ಣಗಳನ್ನೆಲ್ಲ ಮರೆಮಾಡಿ ಬರಿಯ ಗೆರೆ ಮಾತ್ರ ಕಾಣುವಂತೆ ಇಟ್ಟುಕೊಂಡರು. ಬ್ಲಾಕುಗಳಿಗೆ ಒಂದೊಂದೇ ಗಡಿ ಎಳೆಯುತ್ತಾ ಬಂದರು. ಎಂಟು ಗಂಟೆಯ ಹೊತ್ತಿಗೆ, ಯಾರೂ ಹೇಳದೆ ತಾನಾಗಿಯೇ ಉಳಿಸಿಕೊಳ್ಳುವ ಬುದ್ಧಿ ಸಾಫ್ಟ್‌ವೇರಿಗೆ ಬಂತು. ಅಷ್ಟು ಭಾರವನ್ನು ಉಳಿಸಲಾರದೆ ಅಲ್ಲೇ ನಿಂತಿತು. ವೆಲ್ಡಿಂಗ್ ಅಂಗಡಿ ಶುರುವಾಯಿತು. ದೀಪ ಮಿಣುಕಿತು. ಬೆಳಗಿನ ಕೆಲಸವೆಲ್ಲ ಹೋಯಿತು.

ಇಸ್ಮಾಯಿಲ್ ಸಾಹೇಬರು ಆಗ ಬಂದು ನೋಡಿದರಂತೆ. ತೆರೆ ಕಪ್ಪಾಗಿತ್ತು, ತಟ್ಟೆಯ ತುಂಬ ಬೇಳೆ ಇತ್ತು. ಇವತ್ತು ಸಾರಿಗೆ ಚೆನ್ನಾಗಿಯೇ ಆಗಿದೆ ಎಂದಷ್ಟೇ ಹೇಳಿ ಹೋದರಂತೆ. ಬಯ್ಯದೆ ಇದ್ದದ್ದಕ್ಕೆ ತಮಗೆ ಅಳು ಬಂತು ಎಂದು ಗಂಗಾಮಣಿ ಹೇಳುತ್ತಾರೆ. ಮಾರನೆಯ ಬೆಳಿಗ್ಗೆ ತಾನಾಗಿ ಉಳಿಸಿಕೊಳ್ಳುವುದನ್ನು ನಿಲ್ಲಿಸಿ, ತಾವೇ ಹೊತ್ತು ನೋಡಿ ಉಳಿಸುತ್ತಾ ಮತ್ತೆ ಮೊದಲಿನಿಂದ ಶುರು ಮಾಡಿದರು. ಅರ್ಧ ದಾರಿಯಲ್ಲಿ ಒಂದು ಪ್ರಶ್ನೆ ಎದ್ದಿತು. ಆನೆ ಎಲ್ಲಿದೆ ಎಂದು ತಿಳಿಯಲು ನಲವತ್ತೊಂದು ಸಾವಿರ ಮರ ಯಾಕೆ ಬೇಕು? ಯೋಗಾನಂದರಿಗೆ ಫೋನು ಮಾಡಿದರು. ಅವರು ಹಿಂಜರಿದರು. ಧಣಿಗಳು ಅಷ್ಟು ಖರ್ಚು ಮಾಡಿ ಎಣಿಸಿದ್ದಾರೆ, ಮರಗಳು ಇದ್ದರೆ ಚೆನ್ನ ಎಂದರು.

"ಮರ ತೋಟ್ದಾಗೇ ಅವಲ್ಲ ಸಾರ್, ಬೋರ್ಡ್‌ನಾಗೂ ಯಾಕೆ? ಅಲ್ಲಿ ಕಡಿಯಾಕಿಲ್ಲ, ಇಲ್ಲಿ ಕಡಿತೀನಿ, ಅಷ್ಟೇಯ" ಎಂದರು ಗಂಗಾಮಣಿ. ಆ ಕಡೆಯಿಂದ ನಗು ಬಂತು, ಒಪ್ಪಿಗೆಯೂ ಬಂತು.

ಅಳತೆಯವರು ಮರಗಳನ್ನೆಲ್ಲ ಒಂದೇ ಪದರದಲ್ಲಿ ಇಟ್ಟಿದ್ದರು. ಆ ಪದರವನ್ನು ಅಳಿಸುವ ಮೊದಲು ಗಂಗಾಮಣಿ ಒಂದು ಸುತ್ತು ಕಣ್ಣಾಡಿಸಿದರು. ಒಂದು ಮರದ ಬುಡದಲ್ಲಿ ಮಾತ್ರ ಸಣ್ಣದೊಂದು ಚೌಕ ಕಂಡಿತು. ಬೇರೆ ಯಾವ ಮರಕ್ಕೂ ಅದು ಇರಲಿಲ್ಲ. ಎಲ್ಲಿಂದಲೋ ಅಂಟಿಕೊಂಡು ಬಂದ ಕಸ ಎಂದುಕೊಂಡರು. ಇಂಥ ಕಸ ಪ್ರತಿ ಫೈಲಿನಲ್ಲೂ ಇರುತ್ತದೆ. ಒಂದೇ ಗುಂಡಿ. ಒಂದು ಪಾವು ಕಾಳು ಆದ ಮೇಲೆ ನಲವತ್ತೊಂದು ಸಾವಿರ ಮರಗಳು ಹೋಗಿ, ಹದಿನಾಲ್ಕು ಬ್ಲಾಕು, ದಾರಿಗಳು, ಎರಡು ಹಳ್ಳ, ಒಂದು ಕೆರೆ, ಆಳುಗಳು ವಾಸಿಸುವ ಲೈನ್ ಮನೆಗಳು ತೊಳೆದಿಟ್ಟಂತೆ ಉಳಿದವು. ಮೌಸು ಆಡಿಸಿದಲ್ಲಿ ಗೆರೆ ಆಡಿತು. ಆ ಸುಖ ಹೇಳಲಾಗದು ಎಂದರು.

ಶನಿವಾರ ಬೆಳಿಗ್ಗೆ ಕಾಗದದ ಮೇಲೆ ಮಾದರಿ ಸಿದ್ಧವಾಗಿತ್ತು. ನಾನೂ ಅಲ್ಲಿದ್ದೆ. ಯೋಗಾನಂದ ಬಂದರು. ಜೊತೆಯಲ್ಲಿ ತೋಟದ ಹಳೆಯ ಕಾವಲುಗಾರ ಕರಿಯಪ್ಪನನ್ನು ಕರೆತಂದಿದ್ದರು. ಎಪ್ಪತ್ತು ದಾಟಿದ ಮನುಷ್ಯ. ಹುಟ್ಟಿದ್ದೇ ಆ ತೋಟದ ಲೈನಿನಲ್ಲಿ. ಯೋಗಾನಂದ ನೋಡಿ ಭೇಷ್ ಎಂದರು. ಕರಿಯಪ್ಪ ಕಾಗದವನ್ನು ಕೈಗೆ ತೆಗೆದುಕೊಂಡು ಒಂದು ಸಲ ತಿರುಗಿಸಿದ. ಇನ್ನೊಂದು ಸಲ ತಿರುಗಿಸಿದ. ಕೊನೆಗೆ ತಾನೇ ಅರ್ಧ ಸುತ್ತು ತಿರುಗಿ ನಿಂತ.

"ಇದು ನಮ್ ತೋಟ ಅಲ್ಲ ಕಣವ್ವ" ಎಂದ.

ಯೋಗಾನಂದ ನಕ್ಕರು. ಕರಿಯಪ್ಪ ನಗಲಿಲ್ಲ.

"ಅಮ್ಮ ಎಲ್ಲವ್ಳೆ ಇದ್ರಾಗೆ?"

ಯಾವ ಅಮ್ಮ ಎಂದು ಗಂಗಾಮಣಿ ಕೇಳಿದರು. ಚೌಡಮ್ಮ ಎಂದ. ಹಾಜರಿ ಜಾಗದಿಂದ ಒಂದು ಕೂಗಿನಷ್ಟು ದೂರದಲ್ಲಿ, ಮೂರು ದಾರಿ ಕವಲಾಗುವಲ್ಲಿ, ಹಳೆಯ ಹಲಸಿನ ಬುಡದಲ್ಲಿ ಚೌಡಿಯ ಕಲ್ಲು ಇದೆ. ಕೊಯ್ಲು ಶುರುವಾಗುವ ದಿನ ಮೊದಲ ಬೊಗಸೆ ಹಣ್ಣನ್ನು ಆ ಕಲ್ಲಿನ ಮುಂದೆ ಸುರಿದು, ಕೈಮುಗಿದು, ಆಮೇಲೆಯೇ ಬುಟ್ಟಿ ಕಟ್ಟಿಕೊಳ್ಳುವುದು. ಯಾವ ಊರಿನಿಂದ ಬಂದ ಆಳಾದರೂ ಸರಿ, ಅವತ್ತು ಅಲ್ಲಿ ನಿಂತು ಬೆಲ್ಲ ಕಾಯಿ ತಿಂದೇ ಕೆಲಸಕ್ಕೆ ಇಳಿಯುವುದು.

"ಅವ್ರಿಗೆ ನಿಮ್ ಏಳು ಎಂಟು ಗೊತ್ತಾಯ್ತದಾ? ಕಾಯಿ ಬೆಲ್ಲ ಕೊಟ್ಟ ಜಾಗ ಮರೀತಾರಾ? ಅಮ್ಮನಿಂದ ಎಡಕ್ಕೆ, ಅಮ್ಮನಿಂದ ಬಲಕ್ಕೆ ಅಂತ ಕೈ ತೋರ್ಸಿದ್ರೆ ಮೂಗ್ರೂ ಹೋಯ್ತಾರೆ. ಅಮ್ಮನ್ನೇ ತಗ್ದಾಕ್ಬುಟ್ರೆ ಎಲ್ಲಿಂದ ಲೆಕ್ಕ ಹಾಕಾದು?"

ಗಂಗಾಮಣಿಯವರ ಮುಖ ಇಳಿಯಿತು. ಕಸವೆಂದು ಅಳಿಸಿದ ಆ ಸಣ್ಣ ಚೌಕ ಅವರಿಗೆ ತಕ್ಷಣ ನೆನಪಾಗಿತ್ತು. ಎರಡು ಕೆನ್ನೆಗೂ ಬೆರಳು ತಾಗಿಸಿಕೊಂಡರು. ನಾನೇ ಕಣ್ಣಾರೆ ನೋಡಿ ತೆಗೆದೆ ಅಜ್ಜ ಎಂದು ಒಪ್ಪಿಕೊಂಡರು. ಯೋಗಾನಂದರು ಗಡಿಯಾರ ನೋಡಿದರು. ಬೋರ್ಡು ಬೇಕಾಗಿದ್ದದ್ದು ಮಾರನೆಯ ಸಂಜೆಗೆ.

ಮುಟ್ಟದೆ ಇಟ್ಟಿದ್ದ ಮೂಲ ಪ್ರತಿ ಆಗ ಕೈ ಹಿಡಿಯಿತು. ಅದನ್ನು ಮತ್ತೆ ತೆರೆದರು. ಒಂದೂವರೆ ಪಾವು. ಕಾಳು ಮುಗಿದು ಹೋಗಿತ್ತು. ಬೀಬಿಜಾನ್ ಒಳಗಿನಿಂದ ತಮ್ಮ ಮನೆಯಲ್ಲಿ ನೆನೆಸಿಟ್ಟ ಪಾತ್ರೆಯನ್ನೇ ತಂದು ಮುಂದಿಟ್ಟು, ತಾವೂ ಕೂತರು. ಕರಿಯಪ್ಪನೂ ಕೂತ. ಯೋಗಾನಂದರೂ ಬೇರೆ ದಾರಿ ಕಾಣದೆ ತೋಳು ಮಡಿಸಿದರು. ನನಗೂ ಒಂದು ಹಿಡಿ ಬಂತು. ಐದು ಜನ ಒಂದು ಬಿಳಿಯ ತೆರೆಯನ್ನು ನೋಡುತ್ತಾ ಅವರೆಕಾಳು ಹಿತುಕಿದೆವು. ದೇವಸ್ಥಾನದಲ್ಲಿ ಪರದೆ ಸರಿಯುವುದನ್ನು ಕಾಯುವವರ ಹಾಗಿತ್ತು. ರೈಟರ್ ಕೈಯಲ್ಲಿ ಬೇಳೆ ನಜ್ಜುಗುಜ್ಜಾಗುವುದನ್ನು ಕಂಡು ಬೀಬಿಜಾನ್ ಅವರ ಪಾಲನ್ನು ಹಿಂದಕ್ಕೆ ತೆಗೆದುಕೊಂಡರು.

ಮರಗಳು ಬಂದವು. ಅವುಗಳ ನಡುವೆ ಆ ಚೌಕವೂ ಬಂತು. ಗಂಗಾಮಣಿ ಅದೊಂದನ್ನೇ ಎತ್ತಿ ಹಗುರವಾದ ನಕ್ಷೆಗೆ ತಂದು, ಅದೇ ಜಾಗದಲ್ಲಿ ಕೂರಿಸಿ, ಕಣ್ಣಿಗೆ ಕಾಣುವಷ್ಟು ದೊಡ್ಡದು ಮಾಡಿ ಕುಂಕುಮದ ಬಣ್ಣ ಕೊಟ್ಟರು. ಕರಿಯಪ್ಪ ಇನ್ನೂ ತಲೆ ಓರೆ ಮಾಡಿಯೇ ನೋಡುತ್ತಿದ್ದ. ಯಾಕೆಂದು ಕೇಳಿದರೆ, ಹಾಜರಿಗೆ ನಿಂತವರಿಗೆ ಗುಡ್ಡ ಎದುರಿಗಿರುತ್ತದೆ, ಇಲ್ಲಿ ನೋಡಿದರೆ ಗುಡ್ಡ ಕೆಳಗೆ ಬಿದ್ದಿದೆ ಎಂದ. ನಕ್ಷೆ ಎಂದರೆ ಉತ್ತರ ಮೇಲೆಯೇ ಇರಬೇಕು ಎಂದು ಯೋಗಾನಂದ ತಿಳಿಹೇಳಿದರು.

"ಉತ್ತರ ಎಲ್ಲಾದ್ರೂ ಇರ್ಲಿ ಮಾರಾಯ. ನಮ್ಗೆ ಮ್ಯಾಲಿರಾದು ಗುಡ್ಡ" ಎಂದ ಕರಿಯಪ್ಪ.

ಗಂಗಾಮಣಿ ಇಡೀ ನಕ್ಷೆಯನ್ನು ತಿರುಗಿಸಿದರು. ಮರಗಳಿದ್ದಿದ್ದರೆ ಅದಕ್ಕೆ ಒಂದು ಸೇರು ಬೇಕಾಗುತ್ತಿತ್ತು. ಈಗ ನಾಲ್ಕು ಕಾಳಿನಲ್ಲಿ ಆಯಿತು. ಅಕ್ಷರಗಳೆಲ್ಲ ತಲೆಕೆಳಗಾದವು. ಆದದ್ದು ಒಳ್ಳೆಯದೇ ಆಯಿತು ಎಂದು ಅಂಕೆಗಳನ್ನು ಸಣ್ಣದು ಮಾಡಿ, ಬ್ಲಾಕಿಗೊಂದು ಚಿತ್ರ ಇಡುವುದೆಂದು ನಿಶ್ಚಯಿಸಿದರು. ಕರಿಯಪ್ಪ ಹೇಳುತ್ತಾ ಹೋದ, ಇವರು ಬರೆಯುತ್ತಾ ಹೋದರು. ಕೆರೆ ಇರುವಲ್ಲಿ ಮೀನು, ಜೇನು ಕಟ್ಟುವ ಬಂಡೆಯ ಬ್ಲಾಕಿಗೆ ಜೇನುಹುಳ, ಕಾಫಿಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯ ಹತ್ತಿರದ್ದಕ್ಕೆ ಚಕ್ರ, ಹಳ್ಳದ ಬ್ಲಾಕಿಗೆ ಏಡಿ. ಎಲ್ಲಿಂದಲೂ ಇಳಿಸಿಕೊಂಡದ್ದಲ್ಲ, ಎಲ್ಲ ಕೈಯಲ್ಲೇ ಬರೆದವು. ಮೀನಿಗೆ ಒಂಬತ್ತು ಗಂಟು, ಚಕ್ರಕ್ಕೆ ಎಂಟು.

"ಒಂಬತ್ತೇ ಗಂಟು. ಈಜೋ ಹಂಗೈತಾ ಇಲ್ವಾ, ನೀವೇ ಹೇಳಿ ಮೇಷ್ಟ್ರೇ" ಎಂದು ನನ್ನ ಕಡೆ ತಿರುಗಿದರು. ನಾನು ಅಲ್ಲಿ ಕೂತಷ್ಟೂ ದಿನಗಳಲ್ಲಿ ಅವರು ತಮ್ಮನ್ನು ತಾವು ಹೊಗಳಿಕೊಂಡದ್ದು ಅದೊಂದೇ ಸಲ. ಮೀನು ಈಜುವ ಹಾಗೆಯೇ ಇತ್ತು.

ಭಾನುವಾರ ವೆಲ್ಡಿಂಗ್ ಅಂಗಡಿಗೆ ರಜ. ಕರೆಂಟು ಕದಲದೆ ನಿಂತಿತು. ಮಧ್ಯಾಹ್ನಕ್ಕೆ ಅಚ್ಚು ಮುಗಿಯಿತು. ಇಸ್ಮಾಯಿಲ್ ಸಾಹೇಬರು ತಾವೇ ತಗಡಿನ ಚೌಕಟ್ಟಿಗೆ ಬಿಗಿದು, ಅಂಚಿನಲ್ಲಿ ಗುಳ್ಳೆ ಬರದಂತೆ ಬಟ್ಟೆಯಿಂದ ಒತ್ತಿದರು. ಪಿಕಪ್ ಬಂದು ತೆಗೆದುಕೊಂಡು ಹೋಯಿತು. ಹಿತುಕಿದ ಕಾಳಿನ ಲೆಕ್ಕ ಹಾಕಿದರೆ ಒಟ್ಟು ಮೂರು ಸೇರು. ಅಂಗಡಿ ಶುರುವಾದಾಗಿನಿಂದ ಇಷ್ಟು ಭಾರದ ಕೆಲಸ ಬಂದದ್ದು ಇದೇ ಮೊದಲು. ಅವತ್ತು ಎರಡೂ ಮನೆಯಲ್ಲಿ ಸಾರಿನ ಜೊತೆಗೆ ಉಪ್ಪಿಟ್ಟಿಗೂ ಬೇಳೆ ಬಿತ್ತು.

ಕೊಯ್ಲು ಶುರುವಾದ ಹತ್ತನೆಯ ದಿನ ಯೋಗಾನಂದರ ಫೋನು ಬಂತು. ನಾನು ಅಂಗಡಿಯಲ್ಲೇ ಇದ್ದೆ. ಗಂಗಾಮಣಿ ಫೋನನ್ನು ಜೋರು ಮಾಡಿ ನನಗೂ ಕೇಳಿಸಿದರು. ಆ ಬೆಳಿಗ್ಗೆ ಹಳ್ಳದ ಬ್ಲಾಕಿನಲ್ಲಿ ಮೂರು ಆನೆ ಇವೆ ಎಂಬ ಸುದ್ದಿ ಬಂದಿತ್ತು. ಯೋಗಾನಂದ ಕೂಗಲಿಲ್ಲ. ಬೋರ್ಡಿನ ಹತ್ತಿರ ಹೋಗಿ ಏಡಿಯ ಮೇಲೆ ಕೈಯಿಟ್ಟು, ಇನ್ನೊಂದು ಕೈಯನ್ನು ಸೊಂಡಿಲಿನಂತೆ ಆಡಿಸಿದರು. ಹೊಸ ಆಳುಗಳಲ್ಲಿ ಒಬ್ಬ ಹೆಂಗಸು ಮುಂದೆ ಬಂದು ಕೆಂಪು ಚೌಕದ ಮೇಲೆ ಬೆರಳಿಟ್ಟಳು. ಅಲ್ಲಿಂದ ಎಡಕ್ಕೆ ಏಡಿ. ಬೆರಳನ್ನು ಬಲಕ್ಕೆ ಜರುಗಿಸಿ ಮೀನಿನ ಮೇಲೆ ನಿಲ್ಲಿಸಿ, ರೈಟರ್ ಮುಖ ನೋಡಿದಳು. ಅವರು ತಲೆಯಾಡಿಸಿದರು. ಮೂವತ್ತು ಜನವೂ ಚೌಡಮ್ಮನ ಕಲ್ಲಿನ ತನಕ ಹೋಗಿ, ಬಲಕ್ಕೆ ತಿರುಗಿ, ಕೆರೆಯ ಬ್ಲಾಕಿನಲ್ಲಿ ಕೆಲಸಕ್ಕೆ ಇಳಿದರು. ಆನೆಗಳು ತಮ್ಮ ಪಾಡಿಗೆ ಹಳ್ಳ ದಾಟಿ ಕಾಡಿಗೆ ಹೋದವು. ಹೇಳಿಕೊಳ್ಳುವಂಥದ್ದು ಏನೂ ನಡೆಯಲಿಲ್ಲ. ಆ ಬೋರ್ಡು ಬೇಕಾಗಿದ್ದದ್ದೇ ಅದಕ್ಕೆ.

ಗಂಗಾಮಣಿ ಕೇಳಿದ ಪ್ರಶ್ನೆ ಒಂದೇ. ಬೋರ್ಡನ್ನು ಎಷ್ಟು ಎತ್ತರಕ್ಕೆ ನೆಟ್ಟಿದ್ದೀರಿ, ಹೆಂಗಸರ ಕೈಗೆ ಎಟಕುತ್ತದೆಯೇ? ಎಟಕುತ್ತದೆ, ಆದರೆ ಅದೇ ತೊಂದರೆಯಾಗಿದೆ ಎಂದರು ಯೋಗಾನಂದ. ದಿನಾ ಬೆಳಿಗ್ಗೆ ಯಾರೋ ಆ ಕೆಂಪು ಚೌಕಕ್ಕೆ ನಿಜವಾದ ಕುಂಕುಮವನ್ನೇ ಹಚ್ಚಿ ಹೋಗುತ್ತಿದ್ದಾರೆ, ಒರೆಸಿ ಒರೆಸಿ ಅಚ್ಚು ಮಾಸುತ್ತದೆ, ಏನು ಮಾಡುವುದು? ಒರೆಸಬೇಡಿ ಎಂದರು ಗಂಗಾಮಣಿ. ಮಾಸಿದರೆ ಆ ಚೌಕವೊಂದನ್ನು ಬೇರೆ ಮಾಡಿಕೊಡುತ್ತೇನೆ, ನಾಲ್ಕೇ ಗಂಟು.

ಫೋನು ಇಟ್ಟು ಮತ್ತೆ ಕಾಳಿನ ಪಾತ್ರೆಗೆ ಕೈ ಹಾಕಿದರು. ತೆರೆಯ ಮೇಲೆ ಯಾವುದೋ ಶಾಲೆಯ ವಾರ್ಷಿಕೋತ್ಸವದ ಸರಸ್ವತಿ ವೀಣೆಯ ತನಕ ಮೂಡಿ ನಿಂತಿದ್ದಳು. ಹುಲಿಹಳ್ಳದ ಎಸ್ಟೇಟಿಗೆ ನೀವು ಹೋಗಿದ್ದೀರಾ ಎಂದು ನಾನು ಕೇಳಿದೆ. ಇಲ್ಲವಂತೆ. ಬಿಸಿಲೆಯ ಕಡೆಗೇ ಹೋದವರಲ್ಲ. ಮುಂದೆ ಏನಾಗಬೇಕೆಂದು ಆಸೆ, ಹೊಸ ಕಂಪ್ಯೂಟರೇ ಎಂದು ಕೇಳಿದೆ. ಒಳಗೆ ಬೀಬಿಜಾನ್ ಕೆಮ್ಮಿದ ಸದ್ದು ಕೇಳಿತು. ಗಂಗಾಮಣಿ ನಕ್ಕು, ಒದ್ದೆ ಕೈಯನ್ನು ಟವೆಲಿಗೆ ಒರೆಸಿಕೊಂಡರು.

"ಅದೇನ್ ಬ್ಯಾಡಿ. ಬಿಡುವಾದಾಗ ಒಂದ್ಸಲ ಹೋಗಿ ಆ ಅಮ್ಮಂಗೆ ತಪ್ಪಾಯ್ತು ಅಂತ ಕೈಮುಗ್ದು ಬರ್ಬೇಕು. ಕಸ ಅಂದ್ಬುಟ್ಟಿದ್ದೆ ನೋಡಿ. ರೈಟ್ರು ಗೇಟಿನ್ ತಾವ ಬತ್ತೀನಿ ಅಂದವ್ರೆ, ಬ್ಯಾಡ ಅಂದೆ." ಮೌಸಿನ ಮೇಲೆ ಕೈಯಿಟ್ಟು ತೆರೆಯ ಕಡೆ ತಿರುಗಿದರು. "ದಾರಿ ಯಾರೂ ತೋರಿಸೋದ್ ಬ್ಯಾಡ. ನಂಗೊತ್ತು."